ಹೂವಿನ ಹೆಸರು, ಒಂಟಿ ಹಳಿ

ಬೆಂಗಳೂರಿನ ಉಪನಗರ ರೈಲಿಗೆ ನಾಮಕರಣ ಮಾತ್ರ ಸೊಗಸಾಗಿ ಮುಗಿದಿದೆ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ: ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ ರೂಪಾಯಿ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿ, 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ತುಂಬಿದವು. ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ.

ತಡವಾದದ್ದಕ್ಕೆ ಬೈಯುವುದು ಸುಲಭ. ನನ್ನ ತಕರಾರು ಬೇರೆ. ಹೊಸ ರೈಲು ಬರುತ್ತದೆ ಎಂಬ ನೆಪದಲ್ಲಿ ಇರುವ ಹಳಿಯನ್ನು ಮರೆತಿದ್ದೇವೆ. 1864ರಿಂದ ಈ ಊರಿಗೆ ರೈಲಿದೆ. ತುಮಕೂರು, ಬಂಗಾರಪೇಟೆ, ರಾಮನಗರ, ಹೊಸೂರು, ಎಲ್ಲ ಕಡೆಯಿಂದಲೂ ಹಳಿ ಬಂದು ಸೇರುತ್ತದೆ. ಲೋಕಲ್ ರೈಲುಗಳ ಲೆಕ್ಕ ಮಾತ್ರ ಹಳೆಯದೇ: ಬೆಳಿಗ್ಗೆ ಊರೊಳಕ್ಕೆ, ಸಂಜೆ ಊರಾಚೆಗೆ.

ಅದು ಮೆಜೆಸ್ಟಿಕ್ಕಿನ ಸುತ್ತಲೇ ಊರಿದ್ದ ಕಾಲದ ಲೆಕ್ಕ. ಈಗ ಕೆಲಸವಿರುವುದು ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹೊರವರ್ತುಲ ರಸ್ತೆಯಲ್ಲಿ. ಮಲ್ಲೇಶ್ವರದವರು ಬೆಳಿಗ್ಗೆ ಪೂರ್ವಕ್ಕೆ ಹೋಗುವ ಹೊತ್ತಿಗೇ ಮಾಲೂರಿನವರು ಪಶ್ಚಿಮಕ್ಕೆ ಬರುತ್ತಿರುತ್ತಾರೆ. ಇನ್ನು ನಾಲ್ಕು ಮನೆ ಅಡುಗೆ ಮುಗಿಸಿ ಮಧ್ಯಾಹ್ನ ಎರಡಕ್ಕೆ ಮನೆಗೆ ಹೊರಡುವ ಹೆಂಗಸಿಗೆ, ರಾತ್ರಿ ಪಾಳಿಯ ಸೆಕ್ಯುರಿಟಿಯವರಿಗೆ ಯಾವ ಪೀಕ್ ಅವರ್?

ಹೊಸೂರು ಮಾರ್ಗವನ್ನೇ ನೋಡಿ. ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ. ಟ್ರಾಫಿಕ್ ಜಾಮಿಗೆ ಹೆಸರಾದ ಜಾಗಗಳ ಪಕ್ಕದಲ್ಲೇ ಸ್ಟೇಷನ್ನುಗಳಿವೆ. ಮೇಲೆ ವಿದ್ಯುತ್ ತಂತಿಯೂ ಇದೆ. ತೊಡಕು ಒಂಟಿ ಹಳಿಯದು. ಎರಡು ಸ್ಟೇಷನ್ನುಗಳ ನಡುವೆ ಹತ್ತು ನಿಮಿಷದ ದಾರಿ ಎಂದುಕೊಳ್ಳಿ. ಒಂದು ರೈಲು ದಾಟಿದ ಮೇಲೆಯೇ ಎದುರಿನದು ಹೊರಡಬೇಕು. ಹೋಗಿಬರುವ ಒಂದು ಜೋಡಿಗೆ ಅಲ್ಲೇ ಇಪ್ಪತ್ತು ನಿಮಿಷ. ನಡುವೆ ಎಕ್ಸ್‌ಪ್ರೆಸ್ ಬಂದರೆ ಲೋಕಲ್ಲಿನವರು ಕ್ರಾಸಿಂಗಿಗೆ ಕಾಯುತ್ತಾ ಕೂರಬೇಕು. ಎರಡನೆಯ ಹಳಿ, ಸ್ವಯಂಚಾಲಿತ ಸಿಗ್ನಲ್, ತುಸು ಎತ್ತರದ ಪ್ಲಾಟ್‌ಫಾರ್ಮ್, ಇಷ್ಟಾದರೆ ಈ ಗೋಳು ಬಹುಪಾಲು ತಪ್ಪುತ್ತದೆ. ಜೋಡಿ ಹಳಿಯ ಕೆಲಸ ವರ್ಷಗಳಿಂದ ನಡೆದೇ ಇದೆ.

ಜನರೇ ಹತ್ತುವುದಿಲ್ಲ ಎನ್ನುವವರಿದ್ದಾರೆ. ದಿನಕ್ಕೆರಡು ಬಾರಿ ಬಾಗಿಲು ತೆರೆಯುವ ಅಂಗಡಿಗೆ ಗಿರಾಕಿ ಯಾಕೆ ಬಂದಾನು? ಮುಂಬೈಯಲ್ಲಿ ಲೋಕಲ್ ಹತ್ತುವವರು ಒಂದು ತಪ್ಪಿದರೆ ಇನ್ನೊಂದು ಎಂದು ನಿಶ್ಚಿಂತೆಯಾಗಿರುತ್ತಾರೆ. ಇಲ್ಲಿ ಒಂದು ತಪ್ಪಿದರೆ ಅರ್ಧ ದಿನದ ಕೂಲಿ ಹೋಯಿತು.

ನನ್ನ ಅನುಮಾನ ಇನ್ನೊಂದಿದೆ. ಎರಡನೆಯ ಹಳಿ ಮುಗಿದ ದಿನ ಆ ಜಾಗವನ್ನೆಲ್ಲ ಹೊಸ ಎಕ್ಸ್‌ಪ್ರೆಸ್ಸುಗಳಿಗೂ ಗೂಡ್ಸಿಗೂ ಹಂಚಿ, ಲೋಕಲ್ಲಿಗೆ ಜಾಗವೆಲ್ಲಿ ಎಂದು ಕೇಳುತ್ತಾರೆ. ಆದ್ದರಿಂದ ವೇಳಾಪಟ್ಟಿ ಈಗಲೇ ಬರೆದಿಡಬೇಕು. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ, ಎರಡೂ ದಿಕ್ಕಿಗೆ, 15 ನಿಮಿಷಕ್ಕೊಂದು ರೈಲು. ವೋಟಿಗೆ ಬರುವ ಸಂಸದರ ಕೈಗೆ ಕೊಡಬೇಕಾದ ಅರ್ಜಿ ಇಷ್ಟೇ ಉದ್ದ. ಹೂವಿನ ಹೆಸರು ಬೇಕಾದರೆ ಅವರೇ ಇಟ್ಟುಕೊಳ್ಳಲಿ.