ಮಕ್ಕಳ ಸ್ಕೂಟರಿಗೆ ಜಾಗ : ಬೇಕೇ ಎನ್ನುವುದಲ್ಲ, ಎಲ್ಲಿ ಎನ್ನುವುದೇ ಪ್ರಶ್ನೆ

ಬೆಂಗಳೂರು : ಸ್ಕೂಟರ್ ಎಂದೊಡನೆ ಈ ಊರಿನವರಿಗೆ ಪೆಟ್ರೋಲು, ಹೆಲ್ಮೆಟ್ಟು, ಸಿಗ್ನಲ್ಲು ನೆನಪಾಗುವುದು ಸಹಜ. ಇಲ್ಲಿನ ವಿಷಯ ಅದಲ್ಲ. ಒಂದು ಕಾಲನ್ನು ಹಲಗೆಯ ಮೇಲಿಟ್ಟು, ಮತ್ತೊಂದರಿಂದ ನೆಲವನ್ನು ಒದೆಯುತ್ತಾ ಸಾಗುವ ಮಕ್ಕಳ ಸ್ಕೂಟರಿನದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿ ಈ ಆಟಿಕೆ ಮನೆಗೆ ಬಂದ ಮರುದಿನವೇ ತಂದೆತಾಯಿಯರ ಮುಂದೆ ಪ್ರಶ್ನೆಯೊಂದು ನಿಲ್ಲುತ್ತದೆ. ಇದನ್ನು ಓಡಿಸುವುದೆಲ್ಲಿ?

ರಸ್ತೆಯಲ್ಲಿ ಕಾರುಗಳ ಸಾಲು. ಪಾರ್ಕಿನಲ್ಲಿ ವಾಯುವಿಹಾರಿಗಳ ಆಕ್ಷೇಪ. ಅಪಾರ್ಟ್‌ಮೆಂಟಿನ ನೆಲಮಾಳಿಗೆ ಆಟಕ್ಕೆ ತಕ್ಕ ಜಾಗವಲ್ಲ. ಆದ್ದರಿಂದಲೇ ಸ್ಕೂಟರ್, ಸ್ಕೇಟಿಂಗ್‌ಗಳಿಗೆ ಪ್ರತ್ಯೇಕ ಅಂಕಣ ಬೇಕೆಂಬ ಬೇಡಿಕೆ. ಬೇಡಿಕೆಯ ಬೆನ್ನಿಗೇ ವಿರೋಧವೂ ಹುಟ್ಟುತ್ತದೆ. ಇದ್ದ ಒಂದು ತುಂಡು ಹಸಿರಿಗೂ ಸಿಮೆಂಟು ಬಳಿಯಬೇಕೇ ಎಂಬ ಆತಂಕ ಹಿರಿಯರದು. ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರಿದರೆ ಹೊಣೆ ಯಾರೆಂಬ ಸಿಟ್ಟು ಕಿರಿಯ ದಂಪತಿಗಳದು. ಎರಡೂ ವಾದಗಳಲ್ಲಿ ಹುರುಳಿದೆ. ತೊಡಕಿರುವುದು ಬೇರೆಡೆ.

ಬಡಾವಣೆ ಅಂದು, ವಾಹನ ಇಂದು

ರಾಜಾಜಿನಗರದ ಇತಿಹಾಸ 1949ರಿಂದ ಆರಂಭವಾಗುತ್ತದೆ. ನಗರದ ಹಳೆಯ ಬಡಾವಣೆಗಳನ್ನು ರೂಪಿಸಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಜಾಗಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಇನ್ನೂ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕೆಂದು ಪ್ರಾಧಿಕಾರದ ಕಾಯ್ದೆ ಹೇಳುತ್ತದೆ. ಕಾಗದದ ಮೇಲೆ ಇದು ಚೆಂದದ ಲೆಕ್ಕ. ಆದರೆ ಆ ಕಾಲದ ಮಕ್ಕಳು ಆಡಿದ್ದು ಬರೀ ಮೈದಾನದಲ್ಲಲ್ಲ, ಮನೆ ಏಳದ ಪಕ್ಕದ ಖಾಲಿ ಸೈಟಿನಲ್ಲಿ ಮತ್ತು ವಾಹನವಿಲ್ಲದ ಅಡ್ಡರಸ್ತೆಯಲ್ಲಿ. ಗಿಲ್ಲಿದಾಂಡು, ಲಗೋರಿಗೆ ಯಾವ ಪ್ರಾಧಿಕಾರವೂ ಜಾಗ ಮಂಜೂರು ಮಾಡಿರಲಿಲ್ಲ.

ಇಂದು ಖಾಲಿ ಸೈಟುಗಳಲ್ಲಿ ಮೂರು-ನಾಲ್ಕು ಮಹಡಿಗಳ ಮನೆಗಳಿವೆ. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಕಳೆದುಹೋದ ಆ ಎರಡು ಅಂಗಳಗಳ ಭಾರವೂ ಈಗ ಉಳಿದಿರುವ ಪಾರ್ಕಿನ ಮೇಲೆ ಬಿದ್ದಿದೆ. ಅಜ್ಜನ ನಡಿಗೆ, ಅಮ್ಮಂದಿರ ಯೋಗ, ಹುಡುಗರ ಕ್ರಿಕೆಟ್ಟು, ತೆರೆದ ಜಿಮ್ಮು, ಈಗ ಸ್ಕೂಟರು. ಜಾಗ ಮಾತ್ರ ಅಷ್ಟೇ!

ಕಾನೂನು ಏನನ್ನುತ್ತದೆ?

ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಅದಕ್ಕಿಂತ ಹೆಚ್ಚಾಗಿ, ದೇಶವೇ ಉದಾಹರಿಸುವ ತೀರ್ಪೊಂದು ಬೆಂಗಳೂರಿನಿಂದಲೇ ಹೊರಟಿದೆ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಆ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ ಆದರೂ ಉದ್ಯಾನದ ಜಾಗ ಅದಕ್ಕಲ್ಲ ಎಂಬುದು ಅದರ ಸಾರ.

ಮಕ್ಕಳ ಸ್ಕೂಟರ್ ಅಂಕಣವನ್ನು ಆಸ್ಪತ್ರೆಯ ಸಾಲಿಗೆ ಸೇರಿಸಲಾಗದು. ಆಟವೂ ಸಾರ್ವಜನಿಕ ಬಯಲಿನ ಉದ್ದೇಶವೇ. ಆದರೆ ಅಪಾಯ ಮುಂದಿನ ಹೆಜ್ಜೆಯಲ್ಲಿದೆ. ಇಂದು ಅಂಕಣ, ನಾಳೆ ಅದಕ್ಕೊಂದು ಬೇಲಿ, ನಾಡಿದ್ದು ತರಬೇತಿಯ ಹೆಸರಿನಲ್ಲಿ ಗುತ್ತಿಗೆ, ಆಮೇಲೆ ತಿಂಗಳ ಶುಲ್ಕ... ಆಗ ಪಕ್ಕದ ಬೀದಿಯ ಬಡ ಮಗು ಬೇಲಿಯ ಹೊರಗೇ ನಿಲ್ಲಬೇಕಾಗುತ್ತದೆ. ವಿರೋಧಿಸುವವರು ಹುಲ್ಲಿಗಿಂತ ಇದಕ್ಕೆ ಹೆಚ್ಚು ಹೆದರಬೇಕು.

ನೆಲದ ಗುಣ

ಮಕ್ಕಳ ಸ್ಕೂಟರಿನ ಚಕ್ರ ಅಂಗೈ ಅಗಲದ್ದು. ಇಂಟರ್‌ಲಾಕ್ ಕಲ್ಲುಗಳ ಸಂದಿಗಳಲ್ಲಿ ಅದು ಜಗ್ಗುತ್ತದೆ, ಮಣ್ಣಿನಲ್ಲಿ ಹೂತು ನಿಲ್ಲುತ್ತದೆ. ಅದಕ್ಕೆ ನುಣುಪಾದ ಗಟ್ಟಿ ನೆಲವೇ ಬೇಕು. ಆದರೆ ಗಟ್ಟಿ ನೆಲ ಮಳೆನೀರನ್ನು ಇಂಗಲು ಬಿಡದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬಿಂದಿಗೆ ಹಿಡಿದು ಅಲೆದ ನಗರಕ್ಕೆ ಇದು ಸಣ್ಣ ಮಾತಲ್ಲ. ಹಾಗಾಗಿ ಸೂತ್ರ ಸರಳ. ಹೊಸದಾಗಿ ಸಿಮೆಂಟು ಬಳಿಯುವ ಬದಲು, ಈಗಾಗಲೇ ಸಿಮೆಂಟು ಬಿದ್ದಿರುವ ಜಾಗವನ್ನು ಮೊದಲು ಹುಡುಕಬೇಕು. ಬಳಕೆಯಿಲ್ಲದೆ ಬಿರುಕು ಬಿಟ್ಟ ಶಟಲ್ ಅಂಕಣಗಳು, ರಜಾದಿನಗಳಲ್ಲಿ ಬೀಗ ಬೀಳುವ ಸರ್ಕಾರಿ ಶಾಲೆಗಳ ಅಂಗಳಗಳು ಇದಕ್ಕೆ ಒದಗಬಹುದು.

ರಸ್ತೆಯನ್ನೂ ಮರೆಯಬೇಕಿಲ್ಲ. 2013ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಸೈಕಲ್ ದಿನ ಶುರುವಾಯಿತು. 2020ರ ನವೆಂಬರ್‌ನಿಂದ ಕೆಲ ತಿಂಗಳು ಚರ್ಚ್ ಸ್ಟ್ರೀಟ್ ವಾರಾಂತ್ಯಗಳಲ್ಲಿ ವಾಹನಮುಕ್ತವಾಗಿತ್ತು. ನಗರದ ಹೃದಯಭಾಗದಲ್ಲಿ ಸಾಧ್ಯವಾದದ್ದು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಮೂರು ಗಂಟೆಗಳ ಮಟ್ಟಿಗೆ ಸಾಧ್ಯವಾಗದೇ? ಅದಕ್ಕೆ ಬೇಕಾದದ್ದು ನಾಲ್ಕು ಬ್ಯಾರಿಕೇಡು ಮತ್ತು ನೆರೆಹೊರೆಯವರ ಒಪ್ಪಿಗೆ.

ಕಾಂಕ್ರೀಟಿಗಿಂತ ನಿಯಮ ಮುಖ್ಯ ಎಂಬುದಕ್ಕೆ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಗ್ರಾಮದ ನಿದರ್ಶನವಿದೆ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಅಲ್ಲಿ ಮಕ್ಕಳಿಗಾಗಿ ಸ್ಕೇಟ್ ಪಾರ್ಕ್ ಕಟ್ಟಿಸಿದರು. ಶಾಲೆಗೆ ಹೋಗದವರಿಗೆ ಆಟವಿಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ. ಈ ಎರಡೇ ನಿಯಮಗಳು ಆ ಅಂಕಣವನ್ನು ಊರಿನದಾಗಿಸಿದವು. ನಮ್ಮ ಬಡಾವಣೆಗಳಿಗೂ ಇಂಥವು ಬೇಕು : ಪ್ರವೇಶ ಉಚಿತ, ಹೆಲ್ಮೆಟ್ ಕಡ್ಡಾಯ, ರಾತ್ರಿ ಆಟವಿಲ್ಲ, ಗುತ್ತಿಗೆ ಇಲ್ಲ.

ತೀರ್ಮಾನಿಸುವವರು ಯಾರು?

ಅಸಲಿ ಗಂಟು ಇರುವುದು ಇಲ್ಲಿ. ಬಿಬಿಎಂಪಿಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಂತರದ ಐದು ವರ್ಷ ನಗರ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ಪಾರ್ಕಿನ ಜಗಳ ಬಿಡಿಸಬೇಕಾದ ಜಾಗ ವಾರ್ಡ್ ಸಮಿತಿ. ಕಾರ್ಪೊರೇಟರ್ ಇಲ್ಲದ ಕಾಲದಲ್ಲಿ ಆ ಸಮಿತಿ ಸೊರಗಿತು. ಆಗ ಯಾರ ಧ್ವನಿ ದೊಡ್ಡದೋ, ಯಾರಿಗೆ ಶಾಸಕರ ಕಚೇರಿ ಹತ್ತಿರವೋ ಅವರ ಮಾತೇ ನಡೆಯುವುದು ಸಹಜ.

ಆಡುವ ಹಕ್ಕನ್ನು ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲೇ ಒಪ್ಪಿದೆ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮಕ್ಕಳಿಗೆ ಮತವಿಲ್ಲ, ಅವರ ಸಂಘವೂ ಇಲ್ಲ. ಆದ್ದರಿಂದ ವಾರ್ಡ್ ಸಭೆಯಲ್ಲಿ ನಕ್ಷೆ ಹರಡಿ ಕುಳಿತಾಗ ಹಿರಿಯರೊಂದಿಗೆ ಅವರನ್ನೂ ಕೇಳಬೇಕು. ಯಾವ ಜಾಗ, ಎಷ್ಟು ಖರ್ಚು, ಎಷ್ಟು ಮರ, ಯಾವ ಹೊತ್ತು ಎಂಬುದು ಕಾಮಗಾರಿಗೆ ಮುನ್ನವೇ ಪಾರ್ಕಿನ ಗೇಟಿನಲ್ಲಿ ಬರೆದು ಹಾಕುವಂತಾಗಬೇಕು.

ಹಾಗಾದರೆ ಅಂಕಣ ಆಗಲೂಬಹುದು, ಆಗದೆಯೂ ಇರಬಹುದು. ಆದರೆ ಸೋತವರಿಗೂ ತಾವೇಕೆ ಸೋತೆವೆಂಬುದು ತಿಳಿದಿರುತ್ತದೆ. ಒಂದೇ ಪಾರ್ಕಿನ ಕಲ್ಲುಬೆಂಚನ್ನು ದಿನವೂ ಹಂಚಿಕೊಳ್ಳಬೇಕಾದ ಜನಕ್ಕೆ ಅಷ್ಟಾದರೂ ಬೇಕಲ್ಲವೇ?