ಓರೆ ಅಕ್ಷರವನ್ನು ಬರೆಯಬೇಕು, ವಾಲಿಸಬಾರದು

ಜಾತ್ರೆಯ ಫ್ಲೆಕ್ಸ್, ನಾಟಕದ ಕರಪತ್ರ, ಮಕ್ಕಳ ಪುಸ್ತಕದ ಮುಖಪುಟ ಇಂಥ ಕಡೆ ಅಕ್ಷರಗಳು ದಪ್ಪಗೆ, ಓರೆಯಾಗಿ, ಕುಣಿಯುವಂತಿರಲಿ ಎಂದು ಬಯಸುವುದು ಸಹಜ. ಆದರೆ ಕನ್ನಡದಲ್ಲಿ ಈ ಆಸೆ ತೀರಿಸಲು ಹಿಡಿಯುವ ದಾರಿ ಬಹುಮಟ್ಟಿಗೆ ಒಂದೇ: ನೆಟ್ಟಗಿನ ಫಾಂಟೊಂದನ್ನು ಆರಿಸಿ ಬೋಲ್ಡ್, ಇಟಾಲಿಕ್ ಗುಂಡಿಗಳನ್ನು ಒತ್ತುವುದು. ಫಾಂಟಿನಲ್ಲಿ ಆ ರೂಪಗಳೇ ಇಲ್ಲದಿದ್ದಾಗ ಕಂಪ್ಯೂಟರ್ ಅಕ್ಷರದ ಅಂಚನ್ನು ಉಬ್ಬಿಸಿ, ಬಲಕ್ಕೆ ವಾಲಿಸಿ ಕೊಡುತ್ತದೆ. ಹೀಗೆ ವಾಲಿಸುವಾಗ ಸಾಲಿನ ಗೆರೆಯಿಂದ ಮೇಲಿರುವುದೆಲ್ಲ ಬಲಕ್ಕೆ ಸರಿಯುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ. ‘ಅಕ್ಕ’ ಎಂದು ದೊಡ್ಡದಾಗಿ ಮೂಡಿಸಿ ನೋಡಿ. ತಲೆಕಟ್ಟು ಒಂದು ಕಡೆ ಹೋಗಿ, ಒತ್ತಕ್ಷರ ಇನ್ನೊಂದು ಕಡೆ ಜಾರಿರುತ್ತದೆ. ದುಂಡಗಿನ ಹೊಟ್ಟೆ ಹಿಸುಕಿದಂತಾಗಿರುತ್ತದೆ. ದಪ್ಪ ಮಾಡುವುದರಲ್ಲೂ ಇದೇ ಪಾಡು. ‘ದನ’ವನ್ನೂ ‘ಧನ’ವನ್ನೂ ಬೇರೆ ಮಾಡುವುದು ಅಕ್ಷರದ ಅಡಿಯಲ್ಲಿರುವ ಒಂದು ಪುಟ್ಟ ಸೀಳು. ಅಂಚು ಉಬ್ಬಿದಾಗ ಆ ಜಾಗವೇ ಮೊದಲು ಮುಚ್ಚಿಹೋಗುತ್ತದೆ.

ರೋಮನ್ ಲಿಪಿಯಲ್ಲಿ ಇಟಾಲಿಕ್ ಹುಟ್ಟಿದ್ದು ವಾಲಿಸುವುದರಿಂದಲ್ಲ, ಕೈಬರಹದಿಂದ. ವೆನಿಸ್ಸಿನ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಇಡಿಯಾಗಿ ಅಂಥ ಅಕ್ಷರಗಳಲ್ಲೇ ಮುದ್ರಿಸಿದ. ಅವುಗಳ ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ದಪ್ಪಕ್ಷರದ ಮಾತಿಗೆ ಬಂದರೆ, ಷಿಕಾಗೋದ ಆಸ್ವಾಲ್ಡ್ ಕೂಪರ್ ರೂಪಿಸಿದ ‘ಕೂಪರ್ ಬ್ಲ್ಯಾಕ್’ 1922ರಲ್ಲಿ ಹೊರಬಂತು. ಮೂಲೆಗಳೆಲ್ಲ ದುಂಡಗಾದ, ಜಾಹೀರಾತಿಗೆಂದೇ ಹೇಳಿಮಾಡಿಸಿದಂಥ ದಢೂತಿ ಅಕ್ಷರ ಅದು. ಕೆಲವೇ ವರ್ಷಗಳಲ್ಲಿ ಅದರ ಓರೆ ರೂಪವೂ ಬಂತು; ಅದನ್ನು ಹೊಸದಾಗಿಯೇ ಬರೆಯಲಾಗಿತ್ತು. ಆ ಅಕ್ಷರಗಳಲ್ಲಿ ಕಾಣುವ ಲವಲವಿಕೆ ಆ ದುಡಿಮೆಯ ಫಲ.

ಓರೆ ಅಕ್ಷರ ಕನ್ನಡದ ಜಾಯಮಾನಕ್ಕೆ ಒಗ್ಗದು ಎನ್ನುವವರಿದ್ದಾರೆ. ನಮ್ಮ ಸಿನಿಮಾ ಪೋಸ್ಟರು, ಲಾರಿಯ ಹಣೆ, ಅಂಗಡಿ ಬೋರ್ಡು ಬರೆದ ಕಲಾವಿದರು ಈ ಮಾತನ್ನು ಎಂದೋ ಸುಳ್ಳು ಮಾಡಿದ್ದಾರೆ. ಕುಂಚದ ಕೆಲಸದಲ್ಲಿ ಅಕ್ಷರ ಓರೆಯಾದರೆ ಒತ್ತಕ್ಷರಕ್ಕೆ ಬೇರೆ ಜಾಗ ಹುಡುಕಬಹುದು, ಕೊಂಬನ್ನು ಬಾಲದಂತೆ ಎಳೆಯಬಹುದು, ಸೀಳನ್ನು ಬೇಕೆಂದೇ ಅಗಲವಾಗಿ ಬಿಡಬಹುದು. ಖರ್ಚಿನ ಆಕ್ಷೇಪಣೆಗೆ ಹೆಚ್ಚು ತೂಕವಿದೆ. ಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡ ಫಾಂಟಿಗೆ ನೂರಾರು ರೂಪಗಳನ್ನು ಬರೆಯಬೇಕು, ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಕೆಲಸ. ಆದರೂ ಮುಂಬೈನ ಏಕ್ ಟೈಪ್ ತಂಡ ಉಬ್ಬಿದ ಕೆನ್ನೆಯ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟನ್ನು ಮಾಡಿ, ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ. ದಪ್ಪಕ್ಷರದ ಮಟ್ಟಿಗೆ ಆಗಿರುವ ಈ ಕೆಲಸ ಓರೆಯ ಮಟ್ಟಿಗೂ ಆಗಬೇಕು. ಅದಕ್ಕೆ ಹಣ ಹಾಕಬೇಕಾದವರು ಇಂಥ ಅಕ್ಷರಗಳನ್ನು ದಿನವೂ ಬಳಸುವ ಪ್ರಕಾಶಕರು, ಪತ್ರಿಕೆಗಳು, ಜಾಹೀರಾತು ಸಂಸ್ಥೆಗಳು.

ಇಂಥ ಫಾಂಟು ಬಂದರೆ ಸಿಕ್ಕಸಿಕ್ಕಲ್ಲಿ ಬಳಸುತ್ತಾರೆ ಎಂಬ ಭಯವೂ ನಿಜವೇ. ಇದು ನಾಲ್ಕೈದು ಪದಗಳ ಶೀರ್ಷಿಕೆಗೆ ಸಲ್ಲುವ ಅಕ್ಷರ. ಶ್ರದ್ಧಾಂಜಲಿಗೂ ಔಷಧಿಯ ಚೀಟಿಗೂ ಇದು ಕೂಡದು. ಸದ್ಯಕ್ಕೆ ಮುಖಪುಟ ಮಾಡುವವರು ಇಟಾಲಿಕ್ ಗುಂಡಿಯನ್ನು ಮುಟ್ಟದೆ, ಆ ನಾಲ್ಕು ಪದಗಳನ್ನು ಬೋರ್ಡು ಬರೆಯುವ ಕಲಾವಿದರಿಂದ ತಕ್ಕ ಸಂಭಾವನೆ ಕೊಟ್ಟು ಬರೆಸಿಕೊಳ್ಳಲಿ.