ಬೆತ್ತವೂ ಬೇಡ, ತಾಯಿಯ ದೂಷಣೆಯೂ ಬೇಡ

ಕರೆದರೆ ತಿರುಗಿ ನೋಡದ, ಮಾತು ಬಾರದ, ಒಂದೇ ಆಟವನ್ನು ದಿನವಿಡೀ ಆಡುವ ಮಗುವಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಅನೇಕ ಮನೆಗಳಲ್ಲಿ ಎರಡೇ ಮದ್ದು: ಒಂದು ತಾಯತ, ಇನ್ನೊಂದು ಏಟು. ಎರಡೂ ಫಲಿಸದಿದ್ದರೆ ತಪ್ಪೆಲ್ಲ ತಾಯಿಯದು. ಮುದ್ದು ಮಾಡಿ ಕೆಡಿಸಿದಳೆಂದು ಅತ್ತೆ, ಶಿಸ್ತು ಕಲಿಸಲಿಲ್ಲವೆಂದು ಮಾಸ್ತರರು.

ಹೀಗೆ ದೂರುವವರು ಹಳ್ಳಿಯವರಷ್ಟೇ ಅಲ್ಲ. ಆಟಿಸಂ ಎಂಬ ಈ ಸ್ಥಿತಿಯನ್ನು ಅಮೆರಿಕದಲ್ಲಿ ಲಿಯೊ ಕ್ಯಾನರ್ 1943ರಲ್ಲಿ ವಿವರಿಸಿದರು. ತಾಯಿತಂದೆಯರ ಪ್ರೀತಿಯ ಕೊರತೆಯೇ ಇದಕ್ಕೆ ಮೂಲವೆಂದು ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಗ್ರಂಥವನ್ನೇ ಬರೆದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಅವಳಿ ಮಕ್ಕಳನ್ನು ಪರೀಕ್ಷಿಸಿ, ಇದರಲ್ಲಿ ಆನುವಂಶಿಕತೆಯ ಪಾಲು ದೊಡ್ಡದೆಂದು ತೋರಿಸಿದರು. ಸಾಕುವ ರೀತಿಯಿಂದ ಆಟಿಸಂ ಬರುವುದಿಲ್ಲ.

ಹಾಗಾದರೆ ಸಾಕುವ ರೀತಿಗೆ ಬೆಲೆಯೇ ಇಲ್ಲವೆ? ಖಂಡಿತ ಇದೆ. ಆಟಿಸಂ ಬೇರೆ, ಅದರ ಜೊತೆಗೆ ಕಾಣುವ ಕೂಗಾಟ, ಕಚ್ಚಾಟ, ತಲೆ ಚಚ್ಚಿಕೊಳ್ಳುವಿಕೆ ಬೇರೆ. ಇವು ಮನೆಯವರ ನಡತೆಯಿಂದ ಹೆಚ್ಚಲೂಬಹುದು, ತಗ್ಗಲೂಬಹುದು. ಮಾತಿಲ್ಲದ ಮಗುವಿಗೆ ಕೂಗೇ ಅರ್ಜಿ. ವಾಡಿಯ ರೈಲಿನ ಸಿಳ್ಳು, ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರದ ಸದ್ದು ನಮಗೆ ರೂಢಿ. ಆ ಕಿವಿಗೆ ಅದು ಸಹಿಸಲಾರದ ನೋವಾಗಬಹುದು. ಹೊಡೆದರೆ ಭಯ ಹೆಚ್ಚುತ್ತದೆ, ಭಯದಿಂದ ಕೂಗು ಹೆಚ್ಚುತ್ತದೆ, ಕೂಗಿಗೆ ಮತ್ತೆ ಏಟು ಬೀಳುತ್ತದೆ. ಕೇಳಿದ್ದನ್ನೆಲ್ಲ ಕೊಟ್ಟು ಬಾಯಿ ಮುಚ್ಚಿಸಿದರೆ, ಕೂಗಿದರೆ ಸಿಗುತ್ತದೆಂಬ ಪಾಠವನ್ನು ಮಗು ಕಲಿಯುತ್ತದೆ. ಊಟ, ಸ್ನಾನ, ನಿದ್ರೆಗೆ ನಿಶ್ಚಿತ ಹೊತ್ತು. ಚಿಕ್ಕ ಚಿಕ್ಕ ಮಾತು. ಬೇಕಾದುದನ್ನು ಬೆರಳಿನಿಂದಲೋ ಚಿತ್ರದಿಂದಲೋ ಕೇಳುವ ಅಭ್ಯಾಸ. ಚೆನ್ನಾಗಿ ನಡೆದುಕೊಂಡ ಕೂಡಲೇ ಮೆಚ್ಚುಗೆ: ಇವು ಕೆಲಸಕ್ಕೆ ಬರುವ ಉಪಾಯಗಳು.

ಆದರೆ ತಾಳ್ಮೆಗೂ ಬಿಡುವು ಬೇಕಲ್ಲವೆ? ಸಿಮೆಂಟು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆ, ತೊಗರಿ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದ ತಾಯಿ, ಇವರಿಗೆ ಬರೀ ಉಪದೇಶ ಮಾಡುವುದು ಕ್ರೂರ ಪರಿಹಾಸ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಆಟಿಸಮ್ಮನ್ನೂ ಸೇರಿಸಿದೆ. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿ, ಶಾಲೆಗಳಲ್ಲಿ ಇಂಥ ಮಕ್ಕಳನ್ನು ಗುರುತಿಸಬೇಕು.

ಗುರುತಿಸಿದ ಮೇಲೆ ಮಗು ಎಲ್ಲಿಗೆ ಹೋಗಬೇಕು? ಚಿಕಿತ್ಸೆಗೆ ವಾರವಾರ ಕಲಬುರಗಿಗೆ ಅಲೆದರೆ ಕೂಲಿ ಹೋಯಿತು. ಕೂಲಿ ಹೋದರೆ ಚಿಕಿತ್ಸೆಯೂ ನಿಂತಿತು. ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನ ತರಬೇತಾದ ಚಿಕಿತ್ಸಕರು, ಅಂಗನವಾಡಿಯಲ್ಲಿ ತಾಯಿತಂದೆಯರಿಗೆ ತರಬೇತಿ, ಆ ದಿನದ ಕೂಲಿಗೆ ಪರಿಹಾರ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಕಟ್ಟಡ, ರಸ್ತೆಗಳಿಗಷ್ಟೇ ಮೀಸಲಾಗಬಾರದು. ಇಂಥ ಮಗುವಿರುವ ಮನೆಯವರು ನಾಚಿ ಬಾಗಿಲು ಮುಚ್ಚಿಕೊಳ್ಳದೆ, ನೆರೆಹೊರೆಯವರನ್ನು ಕೂಡಿಸಿಕೊಂಡು ಈ ಅರ್ಜಿಯನ್ನು ಗ್ರಾಮಸಭೆಯಲ್ಲಿ ಓದಿಸಲಿ.